ಗೇಟು ದಾಟದ ಆಂಪ್ಲಿಫೈಯರ್

ಗಂಡನನ್ನು ಒಪ್ಪಿಕೊಳ್ಳಲು ನನಗೆ ಅರ್ಧ ಗಂಟೆ, ಒಂದು ತಟ್ಟೆ ಉಪ್ಪಿಟ್ಟು ಸಾಕಾಗಿತ್ತು. ಆಂಪ್ಲಿಫೈಯರ್ ಒಪ್ಪಿಕೊಳ್ಳಲು ಎರಡು ವರ್ಷ ಹಿಡಿಯಿತು. ಇದನ್ನು ಹೇಳಿದಾಗಲೆಲ್ಲ ನಮ್ಮ ಯಜಮಾನರು, "ಅದನ್ನ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಕೊಡಬಹುದಿತ್ತಲ್ಲ, ಆದ್ರೂ ಯಾಕಷ್ಟು ಯೋಚ್ನೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ನಾನು ನುಡಿಸುವುದು ಪೆಡಲ್ ಸ್ಟೀಲ್ ಗಿಟಾರ್. ತೊಂಬತ್ತರ ದಶಕದ ತುಮಕೂರಿನ ಮದುವೆ ಛತ್ರಗಳಲ್ಲಿ ಅದನ್ನು ಕಂಡವರು, "ಮೇಡಮ್, ಇಸ್ತ್ರಿ ಟೇಬಲ್ ಯಾಕೆ ತಂದ್ರಿ?" ಎಂದು ಕೇಳುತ್ತಿದ್ದರು. ನಾಲ್ಕು ಕಾಲಿನ ಮೇಲೆ ಮಲಗಿದ ತಂತಿಗಳು, ಅವುಗಳ ಮೇಲೆ ಜಾರಿಸುವ ಉಕ್ಕಿನ ತುಂಡು. ಅವರದೇನೂ ತಪ್ಪಿಲ್ಲ. ಇದು ನಮ್ಮ ಗೋಟುವಾದ್ಯಕ್ಕೆ ದೂರದ ಸಂಬಂಧಿ ಎಂದು ಹೈಸ್ಕೂಲಿನ ವಿಜ್ಞಾನದ ಟೀಚರಾದ ನಾನು ಪಾಠ ಶುರುಮಾಡುವಷ್ಟರಲ್ಲಿ ಕೇಳಿದವರು ಊಟದ ಹಾಲ್ ಸೇರಿರುತ್ತಿದ್ದರು. ಅದರ ಪೆಡಲ್‌ಗಳನ್ನು ಊರ ಪಕ್ಕದ ಸತ್ಯಮಂಗಲದ ಲೇತ್ ಶೆಡ್ಡೊಂದರಲ್ಲಿ ಮಾಡಿಸಿದ್ದೆ. ಎಡಗಾಲಲ್ಲಿ ಒತ್ತಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ. ಬಲಗಾಲಿನ ಕೆಲಸ ಬೇರೆ: ಸ್ವರ ಕ್ಷೀಣಿಸುತ್ತಾ ಬಂದಂತೆ ವಾಲ್ಯೂಮ್ ಪೆಡಲ್ ಒತ್ತಿ ಅದರ ಜೀವ ಹಿಡಿದಿಟ್ಟುಕೊಳ್ಳಬೇಕು. ಸಣ್ಣ ಆಂಪ್ಲಿಫೈಯರ್‌ಗಳು ಅಲ್ಲೇ ಗಂಟಲು ಹರಿದುಕೊಳ್ಳುತ್ತವೆ.

ತುಂಬಿದ ಕೊಡ ತುಳುಕುವುದಿಲ್ಲ ಎಂದವರು ಗುಬ್ಬಿಯ ಬೀದಿ ನಲ್ಲಿಯಿಂದ ನೀರು ಹೊತ್ತಿರಲಿಕ್ಕಿಲ್ಲ. ನಾನು ಹೊತ್ತಿದ್ದೇನೆ. ಬಾಯಿಮಟ್ಟ ತುಂಬಿದರೆ ಮನೆ ಮುಟ್ಟುವಷ್ಟರಲ್ಲಿ ಲಂಗವೆಲ್ಲ ಒದ್ದೆ. "ಕಂಠದ ತನಕ ತುಂಬ್ಸು, ಬಾಯಿ ಖಾಲಿ ಬಿಡು" ಎನ್ನುತ್ತಿದ್ದಳು ಅಮ್ಮ. ನನ್ನ ಗಿಟಾರಿಗೆ ಬೇಕಿದ್ದದ್ದು ಅಂಥ ಕೊಡ. ಶಕ್ತಿ ಬೇಕಾದಷ್ಟಿರಬೇಕು, ಅರ್ಧಕ್ಕಿಂತ ಹೆಚ್ಚು ಬಳಸಬಾರದು.

ಇದನ್ನು ನಮ್ಮ ಮೈಕ್‌ಸೆಟ್ ಖಲೀಲ್ ಸಾಬ್ರಿಗೆ ಹೇಳಿ ನೋಡಬೇಕು! ಅವರ ಅಂಗಡಿಯಲ್ಲಿ ಆಂಪ್ಲಿಫೈಯರ್‌ಗಳನ್ನು ಅಳೆಯುತ್ತಿದ್ದದ್ದು ವಾಟ್‌ನಲ್ಲಲ್ಲ, ದೂರದಲ್ಲಿ. ಹಾಡು ಹಚ್ಚಿಟ್ಟು ಮೊಪೆಡ್ ಹತ್ತಿ ಹೊರಟರೆಂದರೆ, ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಆ ಸೆಟ್ಟಿನ ಯೋಗ್ಯತೆ ಮುಗಿಯಿತು. "ಇದು ಒಂದ್ ಮೈಲಿ ಸೆಟ್ಟು, ಅದು ಎರಡು ಮೈಲಿದು."

ನನ್ನ ಬೇಡಿಕೆ ಕೇಳಿ ಅವರು ಗಡ್ಡ ನೀವಿಕೊಂಡರು. "ದೊಡ್ ಸೆಟ್ ತಗೊಂಡು ಸೌಂಡ್ ಕಮ್ಮಿ ಇಡ್ತೀರಾ? ಲಾರಿ ತಗೊಂಡು ಸೊಪ್ಪು ಸಾಗಿಸ್ದಂಗಾಯ್ತು ಮೇಡಮ್."

"ಸೊಪ್ಪು ನಲುಗಬಾರ್ದಲ್ಲ ಸಾಬ್ರೇ" ಎಂದೆ.

ಎರಡು ವರ್ಷ ಅವರು ತೋರಿಸಿದ್ದನ್ನೆಲ್ಲ ಬೇಡವೆಂದೆ. ಕೊನೆಗೆ, ಮುಚ್ಚಿಹೋದ ಟೂರಿಂಗ್ ಟಾಕೀಸಿನ ಆಂಪ್ಲಿಫೈಯರ್ ಒಂದನ್ನು ಹುಡುಕಿ ತಂದು, ಹದಿನೈದು ಇಂಚಿನ ಸ್ಪೀಕರನ್ನು ಸಾಗುವಾನಿ ಪೆಟ್ಟಿಗೆಯೊಳಗೆ ಕೂರಿಸಿಕೊಟ್ಟರು. ಎತ್ತಲು ಇಬ್ಬರು ಬೇಕು. ಮೊದಲ ಸ್ವರಕ್ಕೇ ನನ್ನ ಕಣ್ಣು ತುಂಬಿತು.

ಆದರೆ ನಾನು ನುಡಿಸುತ್ತಿದ್ದ ಮದುವೆ ಆರ್ಕೆಸ್ಟ್ರಾದ ಮಾಲೀಕ ರಾಜಣ್ಣನವರಿಗೆ ಕಣ್ಣೀರು ಬೇಕಿರಲಿಲ್ಲ. ಕುಣಿಗಲ್‌ನ ಒಂದು ಆರತಕ್ಷತೆಗೆ ಹೊರಡುವ ಮುನ್ನ ಖಡಾಖಂಡಿತವಾಗಿ ಹೇಳಿದರು: "ಕೆರೆ ಏರಿ ತನಕ ಕೇಳ್ಬೇಕು ಮೇಡಮ್. ಇಲ್ಲಾಂದ್ರೆ ಮುಂದಿನ ಪ್ರೋಗ್ರಾಂಗೆ ಕೀಬೋರ್ಡಲ್ಲೇ ಗಿಟಾರ್ ಬಟನ್ ಒತ್ತಿಸ್ತೀನಿ." ಇಡೀ ವಾರ ಮಕ್ಕಳಿಗೆ ಗುರುತ್ವಾಕರ್ಷಣೆ ಬೋಧಿಸುತ್ತಿದ್ದ ನಾನು ನೆಲ ಬಿಟ್ಟು ಏಳುತ್ತಿದ್ದದ್ದು ಭಾನುವಾರದ ಈ ಪ್ರೋಗ್ರಾಂಗಳಲ್ಲಿ ಮಾತ್ರ. ಆ ಕುರ್ಚಿ ಹೋದರೆ ನನಗೆ ಬೇರೆ ವೇದಿಕೆಯಿರಲಿಲ್ಲ.

ಅಲ್ಲಿಗೂ ಮೈಕ್ ಹಾಕಲು ಬಂದಿದ್ದ ಖಲೀಲ್ ಸಾಬ್ರು ನನ್ನ ಸಂಕಟ ಕಂಡು ಪ್ರೀತಿಯಿಂದಲೇ ಒಂದು ಅನಾಹುತ ಮಾಡಿದರು. ನನಗೆ ಹೇಳದೆ, ನನ್ನ ಆಂಪ್ಲಿಫೈಯರಿನಿಂದ ಒಂದು ವೈರೆಳೆದು ಛತ್ರದ ಹೊರಗಿನ ತೆಂಗಿನ ಮರಗಳಿಗೆ ಕಟ್ಟಿದ್ದ ಹಾರ್ನ್ ಸ್ಪೀಕರ್‌ಗಳಿಗೆ ಜೋಡಿಸಿಬಿಟ್ಟರು. ನಾನು ತಂತಿ ಮೀಟಿದೆ. ಹೊರಗಿಂದ ನೆಗಡಿ ಹಿಡಿದ ಮೂಗಿನ ದನಿಯೊಂದು ಊರಿಗೆಲ್ಲ ಕೇಳುವಂತೆ ಕೂಗಿತು. ಅದು ನನ್ನದು ಎಂದು ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಸೆರಗು ಸಿಕ್ಕಿಸಿಕೊಂಡು ಎದ್ದು, ಮದುಮಕ್ಕಳ ಎದುರೇ ಆ ವೈರನ್ನು ಕಿತ್ತು ಹಾಕಿದೆ.

ರಾಜಣ್ಣ ಹಲ್ಲು ಕಚ್ಚಿ ಏನೋ ಗೊಣಗಿದರು. "ಬಟನ್ ಒತ್ತಿಸ್ಕೊಳ್ಳಿ ರಾಜಣ್ಣ. ಇವತ್ತು ಇದು ಇಷ್ಟೇ" ಎಂದು ಕೂತು ನುಡಿಸಿದೆ. ನನಗೆ ಬೇಕಾದ ಹಾಗೆ, ಮೆಲ್ಲಗೆ, ಒಂದೊಂದು ಸ್ವರವನ್ನೂ ಸಾಯಲು ಬಿಡದೆ. ನಡುವೆ ಮದುಮಗಳ ಚಿಕ್ಕಪ್ಪ ಗೇಟಿನಿಂದ ಓಡಿಬಂದು, "ಏನ್ರೀ, ಕರೆಂಟ್ ಹೋಯ್ತಾ?" ಎಂದು ಕೇಳಿದರು.

ರಾಜಣ್ಣ ಮಾತಿಗೆ ತಪ್ಪುವವರಲ್ಲ. ಮುಂದಿನ ಭಾನುವಾರದಿಂದ ನನ್ನ ಜಾಗಕ್ಕೆ ಬಟನ್ ಬಂತು. ಅತ್ತದ್ದು ನಿಜ. ವೈರ್ ಕಿತ್ತದ್ದಕ್ಕೆ ಮಾತ್ರ ಒಂದು ದಿನವೂ ಮರುಗಲಿಲ್ಲ.

ಅಂದು ಕುಣಿಗಲ್‌ನಲ್ಲಿ ಗಿಟಾರಿನ ಕಾಲು ಬಿಚ್ಚುತ್ತಿದ್ದಾಗ ಖಲೀಲ್ ಸಾಬ್ರು ತಪ್ಪಿತಸ್ಥರಂತೆ ಬಂದು ನಿಂತರು.

"ಅಳೆಯೋಕೆ ಅಂತ ಮೊಪೆಡ್ಡಲ್ಲಿ ಹೋದೆ ಮೇಡಮ್. ಗೇಟ್ ದಾಟಿದ್ರೆ ಒಂಚೂರೂ ಕೇಳಲ್ಲ."

"ಗೊತ್ತು ಸಾಬ್ರೇ."

"ಅದಕ್ಕೇ ವಾಪಸ್ ಬಂದೆ. ಒಳಗೆ ಕೂತ್ಕೊಂಡೆ. ಮೂವತ್ತು ವರ್ಷದಿಂದ ಮೈಕ್ ಹಾಕ್ತಿದೀನಿ, ಮದುವೇಲಿ ಕೂತು ಹಾಡು ಕೇಳಿದ್ದು ಇವತ್ತೇ."

ಶೆಟ್ಟಿಹಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ಆ ಪೆಟ್ಟಿಗೆ ಈಗಲೂ ಇದೆ. ವಾಲ್ಯೂಮ್ ಗುಂಡಿಯಲ್ಲಿ ಹತ್ತರವರೆಗೆ ಅಂಕಿಗಳಿವೆ. ನಾನು ನಾಲ್ಕನ್ನು ದಾಟಿಲ್ಲ, ದಾಟುವುದೂ ಇಲ್ಲ. ಕೇಳಬೇಕಾದವರು ಒಳಗೆ ಬರಲಿ.