ಹೊಸ್ತಿಲು ದಾಟದ ಕುಂಡ

ಅಂಕಲಿಯ ಮಂಗಲಳಿಗೆ ಗಿಡದ ಹುಚ್ಚು ಹಿಡಿದದ್ದು ನಿಪ್ಪಾಣಿಯ ನರ್ಸರಿಯಲ್ಲಿ. ಮೆಣಸಿನ ಸಸಿ ತರಲು ಹೊರಟ ಗಂಡ ಕಾಕಾಸಾಹೇಬನ ಜೊತೆ ಹೋದವಳು ಅಲ್ಲಿ ಹಸಿರು ಪರದೆಯ ಕೆಳಗೆ ಅಂಥೂರಿಯಂ ಕಂಡಳು. ಎಣ್ಣೆಬಣ್ಣ ಬಳಿದ ಹಾಗೆ ಹೊಳೆಯುವ ಕೆಂಪು ಹೂ! ಮೆಣಸಿನ ಸಸಿ ಮರೆತೇಹೋಯಿತು.

ಮೊದಲನೇ ಗಿಡವನ್ನು ಪಾಪ, ಅವಳೇ ಕೊಂದಳು. ಹೊಳೆದಂಡೆಯ ಮಂದಿಗೆ ಕರಿಮಣ್ಣು, ಕಬ್ಬು ಬಿಟ್ಟು ಬೇರೇನು ಗೊತ್ತು? ಕುಂಡದ ತುಂಬ ಕರಿಮಣ್ಣು ತುಂಬಿ, ಕಬ್ಬಿಗೆ ಉಣಿಸಿದಂತೆ ನೀರು ಉಣಿಸಿದಳು. ಬೇರು ಕೊಳೆಯಿತು. ಎರಡನೇ ಸಲ ಹೋದಾಗ ನರ್ಸರಿಯವನು ನಕ್ಕ.

“ಇದು ಹೊಲದ ಗಿಡ ಅಲ್ರಿ ಅಕ್ಕಾರ, ಮನಿಯೊಳಗಿನ ಗಿಡ. ತೆಂಗಿನ ನಾರು, ಇದ್ದಲಿ, ಇಟ್ಟಂಗಿ ಚೂರು ಹಾಕ್ರಿ. ಬೆಳಕ ಬೇಕು, ಬಿಸಲ ಬ್ಯಾಡ.”

ಹಾಗೆಯೇ ಮಾಡಿದಳು. ಪಡಸಾಲೆಯ ಕಿಟಕಿಯ ಬದಿಗೆ ಇಟ್ಟು, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಬೆಳೆಸಿದಳು. ಹೂ ಬಿಟ್ಟಾಗ ಓಣಿಯ ಹೆಂಗಸರು “ಪ್ಲಾಸ್ಟಿಕ್ಕಿಂದೇನ?” ಎಂದು ಉಗುರಿನಿಂದ ಚಿವುಟಲು ಬಂದರೆ ಮಂಗಲ ಮೈಮೇಲೇ ಬೀಳುತ್ತಿದ್ದಳು. ಒಮ್ಮೆ ಬೀಗರು ಬಂದಾಗ ಜಾಗ ಸಾಲದೆಂದು ಯಾರೋ ಕುಂಡವನ್ನು ಅಂಗಳದಲ್ಲಿ ಇಟ್ಟುಬಿಟ್ಟರು. ಮಧ್ಯಾಹ್ನದೊಳಗೆ ಎಲೆಗಳು ಸುಟ್ಟು ಕಂದಾದವು. ಅಂದಿನಿಂದ ಅದು ಹೊಸ್ತಿಲು ದಾಟಲಿಲ್ಲ.

ಅತ್ತೆ ಚಂಪವ್ವನಿಗೆ ಕಿವಿ ಮಂದ, ಕಾಲಿಗೆ ಶಕ್ತಿಯಿಲ್ಲ. ಮುದುಕಿಗೆ ಉಳಿದಿದ್ದು ಒಂದೇ ಆಸೆ: ಸಾಯುವುದರೊಳಗೆ ತನ್ನ ಮನೆಯಲ್ಲಿ ಮುನಿ ಮಹಾರಾಜರ ಆಹಾರ ಆಗಬೇಕು, ತಾನು ಕೈಯಾರೆ ಅವರಿಗೆ ಉಣಿಸಬೇಕು. ಓಣಿಯ ಎಲ್ಲ ಜೈನರ ಮನೆಗಳಲ್ಲೂ ಆಗಿತ್ತು. ಇವರ ಮನೆಗೆ ಮಾತ್ರ ಪ್ರತಿ ಸಲ ಸೂತಕವೋ ಜಡ್ಡೋ ಅಡ್ಡ ಬರುತ್ತಿತ್ತು.

೨೦೧೧ರ ಬೇಸಿಗೆಯಲ್ಲಿ ಊರೂರು ನಡೆಯುವ ವಿಹಾರದ ದಾರಿಯಲ್ಲಿ ಒಬ್ಬ ಮುನಿಗಳು ಊರಿನ ಬಸದಿಗೆ ಬಂದರು. ದಿಗಂಬರ ಮುನಿಗಳು ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ವಿಧಿ ಹಿಡಿಯುತ್ತಾರೆ. ಇಂಥ ಗುರುತು ಕಂಡ ಮನೆಯಲ್ಲೇ ನಿಲ್ಲಬೇಕು. ಕಾಣದಿದ್ದರೆ ಅಂದು ಉಪವಾಸ. ವಿಧಿ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಮಂದಿ ತಮ್ಮ ತಮ್ಮ ಬಾಗಿಲಲ್ಲಿ ನಿಂತು ತೆಂಗಿನಕಾಯಿ ಹಿಡಿದರು, ಮಾವಿನಹಣ್ಣು ಹಿಡಿದರು, ಜೋಡಿಯಾಗಿ ಕಳಶ ಹಿಡಿದರು. ಎರಡು ದಿನ ಮಹಾರಾಜರು ಎಲ್ಲಿಯೂ ನಿಲ್ಲದೆ ಬರಿಹೊಟ್ಟೆಯಲ್ಲಿ ಬಸದಿಗೆ ಮರಳಿದರು. ಊರಿಗೆ ಊರೇ ಚಡಪಡಿಸಿತು.

ಮೂರನೇ ಬೆಳಿಗ್ಗೆ ಅಡುಗೆ ಮುಗಿಸಿ, ಮಡಿಯುಟ್ಟು ಎಲ್ಲರೂ ಬಾಗಿಲಿಗೆ ಬಂದರು. ಚಂಪವ್ವ ಗೋಡೆ ಹಿಡಿದುಕೊಂಡು ನಿಂತಳು.

“ಮಂಗಲಾ, ನಿನ್ನ ಹೂವಿನ ಕುಂಡ ತಂದ ಹೊಸ್ತಿಲ ಮುಂದ ಇಡ. ಬಾಗಿಲ ಲಕ್ಷಣ ಕಾಣತೈತಿ.”

“ಬಿಸಲಿಗೆ ಸುಡತೈತ್ರಿ ಅತ್ತಿ!”

“ಒಂದ ಗಳಿಗಿ ಇಡ ಯವ್ವಾ.”

“ಮಹಾರಾಜರು ಗಿಡಾ ನೋಡಾಕ ಬರ್ತಾರೇನ್ರಿ?” ಎಂದು ಸೊಸೆ ಸಿಡುಕಿದಳು. ಕುಂಡ ಒಳಗೇ ಉಳಿಯಿತು.

ಮಹಾರಾಜರು ಬಂದರು. “ನಮೋಸ್ತು ಸ್ವಾಮಿ, ನಮೋಸ್ತು! ಅತ್ರ ತಿಷ್ಠ, ತಿಷ್ಠ!” ಇಲ್ಲಿ ನಿಲ್ಲಿರೆಂದು ಚಂಪವ್ವ ಕೂಗಿ ಬೇಡಿದಳು. ಅವರು ಬಾಗಿಲನ್ನೊಮ್ಮೆ ನೋಡಿ ಮುಂದೆ ನಡೆದರು. ಹಿಂದಿನ ಓಣಿಯ ಶಾಂತಿನಾಥನೆಂಬವನ ಮನೆಯ ಮುಂದೆ ನಿಂತೇಬಿಟ್ಟರು.

ಸಂಜೆ ಬಸದಿಯಲ್ಲಿ, ಮಹಾರಾಜರ ಜೊತೆ ಬಂದಿದ್ದ ಬ್ರಹ್ಮಚಾರಿ ವಿಧಿ ಏನಿತ್ತೆಂದು ಹೇಳಿದರು. ಹೊಸ್ತಿಲ ಬಳಿ ಹೂಬಿಟ್ಟ ಕುಂಡ! ಶಾಂತಿನಾಥನ ಬಾಗಿಲಲ್ಲಿ ಹರಕು ಎಣ್ಣೆ ಡಬ್ಬಿಯೊಂದರಲ್ಲಿ ಸದಾಪುಷ್ಪದ ಗಿಡ ಹೂಬಿಟ್ಟಿತ್ತು. ಅದನ್ನು ಯಾರೂ ಬೇಕೆಂದು ಇಟ್ಟಿದ್ದಲ್ಲ. ಗಂಡನ ಜೊತೆ ಕೇಳುತ್ತ ನಿಂತಿದ್ದ ಮಂಗಲಳಿಗೆ ಅತ್ತೆಯ ಬೆಳಗಿನ ಮಾತು ನೆನಪಾಯಿತು. ಅಯ್ಯೋ, ಒಂದು ಗಳಿಗೆ! ಒಂದೆಲೆ ಬಾಡಿದ್ದರೆ ಏನು ಗಂಟು ಹೋಗುತ್ತಿತ್ತು?

ಮರುದಿನ ಮಹಾರಾಜರು ಮುಂದಿನ ಊರಿಗೆ ಹೊರಟರು. ಅತ್ತೆಗೆ ಕಿವಿ ಕೇಳದ್ದು ಮಂಗಲಳಿಗೆ ಅನುಕೂಲವಾಯಿತು. ವಿಧಿಯ ಮಾತು ಎತ್ತದಂತೆ ಗಂಡನ ಬಾಯಿಯನ್ನೂ ಮುಚ್ಚಿಸಿದಳು. ಅತ್ತೆಯ ಎದೆ ಒಡೆದೀತೆಂದು ಅವನಿಗೆ ಹೇಳಿದಳು. ನಿಜವೆಂದರೆ ತನ್ನ ಮುಖ ಉಳಿಸಿಕೊಳ್ಳಲು ಹಾಗೆ ಮಾಡಿದ್ದಳು. ಅದು ಅವಳಿಗೂ ಗೊತ್ತಿತ್ತು. ಆಮೇಲೆ ಕುಂಡಕ್ಕೆ ನೀರು ಹಾಕುವಾಗಲೆಲ್ಲ ಅತ್ತೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಆ ಚಳಿಗಾಲದಲ್ಲಿ ಚಂಪವ್ವ ಹಾಸಿಗೆ ಹಿಡಿದಳು. ಒಂದು ದಿನ ಗಂಜಿ ಕುಡಿಸುತ್ತಿದ್ದ ಸೊಸೆಯ ಕೈ ಹಿಡಿದಳು.

“ನಾ ಏನ ಪಾಪ ಮಾಡೀನಿ ಮಂಗಲಾ? ಮಹಾರಾಜರು ನನ್ನ ಮಾರಿ ನೋಡೇ ಮುಂದ ಹೋದ್ರಲ್ಲ. ನನ್ನ ಕರ್ಮಾನ ಅಡ್ಡ ಬಂತು.”

ಮಂಗಲಳಿಗೆ ತಡೆಯಲಾಗಲಿಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟು ಅತ್ತೆಯ ಕಿವಿಗೆ ಬಾಯಿ ಹಚ್ಚಿದಳು.

“ನಿಮ್ದಲ್ರಿ ಅತ್ತಿ, ನಂದ ತಪ್ಪ. ಹೂವಿನ ಕುಂಡ ಇರೂ ಮನಿಮುಂದನ ನಿಲ್ಲೂದಂತ ಅವರ ವಿಧಿ ಇತ್ತು. ನೀವು ಇಡ ಅಂದ್ರಿ, ನಾನ ಇಡಲಿಲ್ಲ.”

ಚಂಪವ್ವ ಬೊಚ್ಚುಬಾಯಿ ತೆರೆದು ನಕ್ಕಳು.

“ಮುದುಕಿ ಸಮಾಧಾನಕ್ಕ ಎಷ್ಟ ಚಂದ ಸುಳ್ಳ ಹೇಳ್ತಿ ಯವ್ವಾ. ನನ್ನ ಪಾಪಾನೂ ನಿನ್ನ ತಲಿಮ್ಯಾಲ ಹೊತಗೊಂತಿ. ನಿನ್ನಂಥಾ ಸೊಸಿ ಯಾರಿಗಿ ಸಿಗತಾಳ?”

“ಸುಳ್ಳಲ್ರಿ, ಖರೇನ!” ಮಂಗಲ ಬಿಕ್ಕುತ್ತ ಮತ್ತೆ ಹೇಳಿದಳು, ಇನ್ನೂ ಜೋರಾಗಿ.

“ಸಾಕ ಬಿಡ, ಅಳಬ್ಯಾಡ,” ಎಂದು ಚಂಪವ್ವ ಅವಳ ತಲೆ ಸವರುತ್ತಲೇ ಇದ್ದಳು.