ಕಳಕಪ್ಪನ ಇಸ್ಟಾಪ್

ನಿನ್ನ ಇಂಗ್ಲಿಷ್ ಎಂಥದಪ್ಪ ಎಂದು ಯಾರಾದರೂ ಕೇಳಿದರೆ ಗಿಣಿಗೇರಾದ ಕಳಕಪ್ಪನ ಬಳಿ ಉತ್ತರ ಸಿದ್ಧವಿರುತ್ತಿತ್ತು. "ನಂದು ಸಪಾಟ ಇಂಗ್ಲಿಷ್ ನೋಡ್ರಿ. ಏರಿಲ್ಲ, ಇಳುವಿಲ್ಲ." ಕೇಳಿದವರೂ ಗಿಣಿಗೇರಾದವರೇ ಆದ್ದರಿಂದ ಹೌದೆಂದು ತಲೆದೂಗುತ್ತಿದ್ದರು.

ಕಳಕಪ್ಪ ಊರ ಪಕ್ಕದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನಿಗೆ ದಾರಿ ಹೇಳುವವನು. ಕ್ರೇನ್ ಓಡಿಸುವ ಆದೆಪ್ಪ ಸೂರಿನ ಹತ್ತಿರ ಗಾಜಿನ ಗೂಡಿನಲ್ಲಿ ಕೂರುತ್ತಾನೆ. ಕೆಳಗಿನದು ಅವನಿಗೆ ಅರ್ಧ ಕಾಣದು. ಎತ್ತು, ಇಳಿಸು, ನಿಲ್ಲಿಸು ಎಂದು ಕಳಕಪ್ಪ ಕೆಳಗಿನಿಂದ ವಾಕಿಟಾಕಿಯಲ್ಲಿ ಹೇಳಬೇಕು, ಅದೂ ಇಂಗ್ಲಿಷಿನಲ್ಲೇ. ಗುದ್ದಲಿ ಹಿಡಿದು ಬೂದಿ ಬಳಿಯುತ್ತಿದ್ದವನಿಗೆ ಆ ವಾಕಿಟಾಕಿಯೇ ಬಡ್ತಿ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಚಹಾದಂಗಡಿಯಲ್ಲಿ ಬೆಂಚಿನವರು ಸರಿದು ಜಾಗ ಕೊಡುತ್ತಿದ್ದರು.

ಆದೆಪ್ಪ ಶ್ರೀರಾಮನಗರದ ತೆಲುಗು ಮನೆಯವನು. ಲೋಡು, ಬ್ರೇಕು, ಸ್ಟಾಪು ಎನ್ನುತ್ತಿದ್ದ.

"ನಿನ್ನ ಇಂಗ್ಲಿಷಿಗೆ ಹಿಂದ ಬಾಲ ಐತಲೇ," ಎಂದು ಕಳಕಪ್ಪ ಕೆಣಕುತ್ತಿದ್ದ.

"ನಿಂದಕ್ಕ ಮುಂದ ಕೋಡು ಐತಲ್ಲ ಮಾಮಾ. ಇಸ್ಟಾಪ್, ಇಸ್ಲೋ."

ಆ ಕೋಡು ಕಳಕಪ್ಪನಿಗೆ ಕೇಳಿಸುತ್ತಲೇ ಇರಲಿಲ್ಲ. ಇವನು ಚೇಷ್ಟೆಗೆ ಹೇಳುತ್ತಾನೆ ಎಂದುಕೊಂಡಿದ್ದ. ಕೋಡೋ ಬಾಲವೋ, ಕ್ರೇನಂತೂ ಹೇಳಿದಲ್ಲಿ ನಿಲ್ಲುತ್ತಿತ್ತು.

ಹೋದ ವರ್ಷ ಹೊಸ ಕ್ರೇನ್ ಬಂತು, ಅದರ ಜೊತೆಗೆ ಆದೆಪ್ಪನ ಗೂಡಿನೊಳಗೊಂದು ಕೆಂಪು ಗುಂಡಿಯೂ ಬಂತು. ಅಪಾಯ ಬಂದಾಗ ಒತ್ತಿದರೆ ಇಡೀ ಶೆಡ್ಡಿನ ಕರೆಂಟು ಹೋಗಿ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಲು ಅರ್ಧ ಪಾಳಿ ಬೇಕು. ಎಮರ್ಜೆನ್ಸಿ ಎಂಬುದರ ಮೊದಲ ಅಕ್ಷರ ಹಿಡಿದು ಅದಕ್ಕಿಟ್ಟ ಹೆಸರು ಇ-ಸ್ಟಾಪ್. ಸುರಕ್ಷತೆ ನೋಡಿಕೊಳ್ಳುವ ಮುಬಾಶಿರಾ ಮೇಡಂ ಎಲ್ಲರನ್ನೂ ಕರೆದು, "ಆ ಮಾತು ಕಿವಿಗೆ ಬಿದ್ದ ಕೂಡಲೇ ಒತ್ತಬೇಕು. ವಿಚಾರ ಮಾಡಕೋತ ಕೂಡಬಾರದು," ಎಂದರು.

ಮೊದಲ ದಿನ ಕಳಕಪ್ಪ ನಿಲ್ಲಿಸೆಂದ, ಶೆಡ್ಡು ಕತ್ತಲಾಯಿತು. ಮರುದಿನವೂ ಹಾಗೇ ಆಯಿತು.

"ಬರೇ ನಿಲ್ಲಸು ಅಂದ್ರ ಗುಂಡಿ ಯಾಕ ಒತ್ತಿದಿ?"

"ಮೇಡಂ ಹುಕುಂ ಮಾಮಾ. ಇ ಕೇಳ್ತು, ಒತ್ತಿದೆ."

"ಎಲ್ಲೈತಿ ಇ? ತೋರಸು."

ಮುಬಾಶಿರಾ ಗಂಗಾವತಿಯವರು, ಬೈಯುವ ಪೈಕಿ ಅಲ್ಲ. ಅವನನ್ನು ಕೂರಿಸಿಕೊಂಡು ಹೇಳಿದರು: "ಮೊದಲ ನನ್ನ ಉಚ್ಚಾರನೂ ಹಂಗ ಇತ್ತು. ತಿದ್ದಿಕೊಂಡೆ. ಈಗ ನಂದು ನ್ಯೂಟ್ರಲ್ಲು." ಆ ಮಾತಿನ ಬಾಲ ಅವರಿಗೂ ಕೇಳಿಸಲಿಲ್ಲ.

"ಮೇಡಂ, ಕನ್ನಡದಾಗ ನಿಲ್ಲು ಅಂದ್ಬಿಡ್ತೀನ್ರಿ."

"ಕ್ರೇನ್ ಕಂಪನಿಯವರು ಬರದುಕೊಟ್ಟ ಮಾತನ್ನ ಅನ್ನಬೇಕು. ಇನ್ನೊಮ್ಮೆ ತಪ್ಪಿದ್ರ ವಾಕಿಟಾಕಿ ಇಸಗೋಬೇಕಾಗ್ತೈತಿ, ಕಳಕಪ್ಪ."

ಕಳಕಪ್ಪನಿಗೆ ಬೂದಿಯ ವಾಸನೆ ಮೂಗಿಗೆ ಬಂದಂತಾಯಿತು.

ಮನೆಯಲ್ಲಿ ಹೆಂಡತಿ ದಾನೇಶ್ವರಿ ರೊಟ್ಟಿ ಬಡಿಯುತ್ತಲೇ ಪಾಠಕ್ಕೆ ನಿಂತಳು. "ಇ ಹಚ್ಚಬ್ಯಾಡ್ರಿ. ನನ್ನ ಬಾಯಿ ನೋಡ್ರಿ. ಇಸ್ಟಾಪ್."

"ಇಸ್ಟಾಪ್."

"ಈಗ ಸಾಫ್ ಆತು ನೋಡ್ರಿ."

ಇರಲಿ ಎಂದು ತನ್ನ ದನಿಯನ್ನು ಮೊಬೈಲಿನಲ್ಲಿ ಹಿಡಿದು ಕೇಳಿದ. ಅದರೊಳಗೆ ಯಾವನೋ ಇಸ್ಟಾಪ್, ಇಸ್ಟಾಪ್ ಎನ್ನುತ್ತಿದ್ದ. "ಇದು ನಾನಲ್ಲ, ಇದರ ಮೈಕ್ ಕೆಟ್ಟೈತಿ," ಎಂದು ಅಳಿಸಿಹಾಕಿದ.

ಮರುದಿನ ಪಾಳಿಯ ಮೊದಲಿಗೇ ಒಂದು ಉಕ್ಕಿನ ತೊಲೆ ತೂಗುತ್ತಾ ಹೊರಟಿತ್ತು. ಅದರ ದಾರಿಯಲ್ಲೇ ಮಾರೆಪ್ಪ ಎಂಬ ಕೂಲಿಯವನು ಬಗ್ಗಿ ಸರಪಳಿ ಬಿಡಿಸುತ್ತಿದ್ದ. ಕಳಕಪ್ಪ ನೋಡಿದ. ನಾಲಿಗೆಯನ್ನು ಹಲ್ಲಿಗೆ ಆನಿಸಿ, ತನ್ನ ಕಿವಿಗೆ ತಾನೇ ಮೆಚ್ಚುವಷ್ಟು ಸಾಫಾಗಿ, ನಿಲ್ಲಿಸೆಂದ. ಶೆಡ್ಡು ಕತ್ತಲಾಯಿತು. ತೊಲೆ ಮಾರೆಪ್ಪನ ಹೆಲ್ಮೆಟ್ಟಿಗೆ ಗೇಣು ದೂರದಲ್ಲಿ ನಿಂತಿತ್ತು.

ಮುಬಾಶಿರಾ ಟಾರ್ಚ್ ಹಿಡಿದು ಓಡಿ ಬಂದರು. "ಭೇಷ್, ಕಳಕಪ್ಪ. ಇ-ಸ್ಟಾಪ್ ಅನ್ನೋದು ಇಂಥಾ ಹೊತ್ತಿಗೇನ. ಅದನ್ನ ಅಂದಿರಿ, ಹೌದಿಲ್ಲ?"

ಒಂದು ಹೂಂ ಸಾಕಾಗಿತ್ತು. ಇಳಿದು ಬಂದ ಆದೆಪ್ಪನೂ ಮೇಡಂ ಹಿಂದೆ ನಿಂತು ಹೂಂ ಅನ್ನು ಎಂದು ತಲೆಯಾಡಿಸುತ್ತಿದ್ದ. ಆದರೆ ಕಳಕಪ್ಪನ ಲೆಕ್ಕವೇ ಬೇರೆ. ಇಷ್ಟು ಕಷ್ಟಪಟ್ಟು ಸರಿಯಾಗಿ ಅಂದದ್ದು ಇವತ್ತೇ.

"ಇಲ್ಲರಿ ಮೇಡಂ. ನಾ ಬರೇ ಇಸ್ಟಾಪ್ ಅಂದೆ."

"ನಾನೂ ಅದನ್ನ ಅನ್ನಾಕತ್ತೀನಿ."

"ಅದಲ್ಲರಿ. ಇ ಇಲ್ಲದ ಇಸ್ಟಾಪ್."

ಮೇಡಂ ಟಾರ್ಚನ್ನು ಅವನ ಬಾಯಿಯತ್ತ ತಿರುಗಿಸಿದರು. "ಮನಷಾ ಸಾಯೋ ಹೊತ್ತಿನ್ಯಾಗೂ ಬರೇ ಸ್ಟಾಪ್ ಅಂದ್ರೇನು? ಅನ್ನಬಾರದಾಗ ಅಂತೀರಿ, ಅನ್ನಬೇಕಾದಾಗ ಅನ್ನೂದಿಲ್ಲ." ಕೈ ಚಾಚಿದರು. ಕಳಕಪ್ಪ ವಾಕಿಟಾಕಿ ಬಿಚ್ಚಿ ಕೊಟ್ಟ. ಬೂದಿ ಕಡೆಗೆ ಅಟ್ಟಲು ಅವರಿಗೂ ಮನಸ್ಸಾಗಲಿಲ್ಲ. ಲಾರಿ ಹಿಂದಕ್ಕೆ ತೆಗೆಸುವ ಗೇಟಿಗೆ ಹಾಕಿ, ಕೊರಳಿಗೊಂದು ಸೀಟಿ ಕೊಟ್ಟರು.

"ಹೂಂ ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ತು?" ಎಂದಳು ದಾನೇಶ್ವರಿ.

"ಅನ್ನಲಾರದ್ದನ್ನ ಅಂದೀನಿ ಅಂತ ಹೆಂಗ ಅನ್ನಲಿ?"

"ಹೋಗ್ಲಿ ಬಿಡ್ರಿ. ಸೀಟಿಯೊಳಗ ಯಾರು ಇ ಹುಡುಕತಾರ?"

ಕಳಕಪ್ಪ ನಗಲಿಲ್ಲ. ಅಂಗಳಕ್ಕೆ ಬಂದು, ಸಿಟ್ಟೆಲ್ಲ ಸೇರಿಸಿ ಸೀಟಿ ಊದಿದ. ಪೀ ಎಂದು ಹೊರಟದ್ದು ಎಳೆದಷ್ಟೂ ಬರೀ ಈ ಆಗಿ ಓಣಿಯುದ್ದಕ್ಕೂ ಹೋಯಿತು. ಅದು ಕಳಕಪ್ಪನಿಗೂ ಕೇಳಿಸಿತು.