ಕಸ್ತೂರಕ್ಕನ ಚಾಸಿ, ನನ್ನ ಬೆಂಚು

ಇಳಕಲ್ ಸೀರೆಯ ಮೇಲೆ ಗಂಡನ ಖಾಕಿ ಅಂಗಿ, ಹಣೆಯ ತುಂಬ ಕುಂಕುಮ, ಅದರ ಮೇಲಕ್ಕೆ ಏರಿಸಿದ ವೆಲ್ಡಿಂಗಿನ ಕಪ್ಪು ಕನ್ನಡಕ. ಮಹಾಲಿಂಗಪುರದಲ್ಲಿ ಕಬ್ಬಿನ ಟ್ರೇಲರ್ ಕಟ್ಟುತ್ತಿದ್ದ ಕಸ್ತೂರಕ್ಕನ ಅಂಗಡಿಗೆ ಹೊಸದಾಗಿ ಬಂದವರು, ಗಂಡ ಗುರಪ್ಪನೇ ಮಿಸ್ತ್ರಿ ಎಂದು ತಿಳಿದು ಅವನೊಡನೆ ಮಾತಿಗೆ ನಿಲ್ಲುತ್ತಿದ್ದರು. ಗುರಪ್ಪ ಪಾಪ, ಕಬ್ಬಿಣ ಹಿಡಿಯುವುದಷ್ಟೇ ತನ್ನ ಕೆಲಸ ಎಂದು ಹೆಂಡತಿಯ ಕಡೆ ಕೈ ತೋರಿಸುತ್ತಿದ್ದ. ವೆಲ್ಡಿಂಗ್ ಕೆಟ್ಟರೆ ಮೇಲೊಂದು ತುಂಡು ಹಚ್ಚಿ ಮುಚ್ಚುವುದು ಆಕೆಗೆ ಗೊತ್ತೇ ಇರಲಿಲ್ಲ. “ತಪ್ಪ ಆದಲ್ಲೇ ಕೊಯ್ಯಬೇಕ್ರಿ. ಮ್ಯಾಲ ತೇಪಿ ಹಚ್ಚಿದ್ರ ತಪ್ಪ ಒಳಗ ಹಂಗ ಇರತೈತಿ” ಎನ್ನುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಮನೆ ಆಕೆಯ ಅಂಗಡಿಯ ಎದುರಿಗೇ. ಒಂದು ದಿನ ಜಮಖಂಡಿಯ ರದ್ದಿ ಅಂಗಡಿಯಿಂದ ತಂದ ಪುಸ್ತಕವೊಂದನ್ನು ಆಕೆ ನನ್ನ ಮುಂದಿಟ್ಟಳು. ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವವರಿಗಾಗಿ ಅಚ್ಚಾದ ನಕ್ಷೆಗಳು. ಏಳನೆಯ ಇಯತ್ತೆ ಓದಿದ ಕಸ್ತೂರಕ್ಕನಿಗೆ ನಕ್ಷೆಯೂ ಅಂಕಿಯೂ ನನಗಿಂತ ಚೆನ್ನಾಗಿ ತಿಳಿಯುತ್ತಿದ್ದವು. ಇಂಗ್ಲಿಷಿನ ಬರಹವನ್ನಷ್ಟೇ ನಾನು ಓದಿ ಹೇಳಬೇಕಿತ್ತು. ಕಾರು ಯಾಕೆ ಬೇಕು ಎಂದು ಕೇಳಿದೆ.

“ಇಷ್ಟ ವರ್ಷ ಹೇರಿ ಎಳಿಯೋ ಗಾಡೀನ ಮಾಡೇನ್ರಿ ಸರ. ಒಂದ ಸಲ ಓಡೋ ಗಾಡಿ ಮಾಡಬೇಕು.”

ನಮ್ಮ ಸೀಮೆಯಲ್ಲಿ ಗಟ್ಟಿ ಎಂದರೆ ಭಾರ. ಟ್ರೇಲರಿನ ಮೇಲೆ ಕಬ್ಬು ಆಳೆತ್ತರಕ್ಕೆ ಬೀಳುತ್ತದೆ, ರಸ್ತೆಯೋ ದೇವರಿಗೇ ಪ್ರೀತಿ. ಕಾರಿನ ತಳಕ್ಕೆ, ಅಂದರೆ ಚಾಸಿಗೆ, ಬೆರಳಗಲದ ಚೌಕ ಪೈಪುಗಳು ಸಾಕು ಎಂದು ಕೇಳಿ ಗಿರಾಕಿಗಳೆಲ್ಲ ನಕ್ಕರು. ಎರಡು ದಪ್ಪ ಕಬ್ಬಿಣದ ಆ್ಯಂಗಲ್ ಹಾಕು, ಇಲ್ಲವಾದರೆ ಮುಧೋಳ ಮುಟ್ಟುವುದರೊಳಗೆ ಎರಡು ತುಂಡಾಗುತ್ತದೆ ಎಂದರು. ಸಾವಳಗಿಯ ಗೌಡರೊಬ್ಬರು, ಕಡ್ಡಿ ಕೆಲಸ ಕಲಿತ ಕೈಗೆ ಇನ್ನು ತಮ್ಮ ಟ್ರೇಲರ್ ಕೊಡುವುದಿಲ್ಲ ಎಂದು ಹೆದರಿಸಿದರು. ಅವರ ಅರ್ಧ ಕಟ್ಟಿದ ಟ್ರೇಲರನ್ನು ಕಸ್ತೂರಕ್ಕ ಅವತ್ತೇ ಹೊರಗೆ ತಳ್ಳಿಸಿದಳು.

ಆಕೆ ಅಂಜಲಿಲ್ಲ. ಅಂಜಿದವನು ನಾನು. ಆ ಕಡ್ಡಿಗಳ ಮೇಲೆ ಕೂತು ಈಕೆ ಸತ್ತರೆ ಓದಿ ಹೇಳಿದ ಪಾಪ ನನ್ನದೇ ಅಲ್ಲವೇ? ಪೈಪಿನ ಗೋಡೆಯ ದಪ್ಪ ನಕ್ಷೆಯಲ್ಲಿ ಇರಲಿಲ್ಲ, ಬರಹದಲ್ಲಿ ಅಕ್ಷರಗಳಲ್ಲಿತ್ತು: ಒಂದೂವರೆ ಮಿಲಿಮೀಟರ್. ನಾನು ಮೂರು ಎಂದು ಓದಿದೆ. ನನ್ನ ಮೇಲೆ ಇಷ್ಟು ಭರವಸೆ ಇಟ್ಟವಳ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಓದಿದೆ.

ತಿಂಗಳಾನುಗಟ್ಟಲೆ ದುಡಿದು ಚಾಸಿಯ ಚೌಕಟ್ಟು ನಿಲ್ಲಿಸಿದಳು. ಅಡಿಭಾಗ ಬೆಸೆಯಲು ಅದನ್ನು ಮಗುಚಬೇಕಾಯಿತು. ನಾಲ್ಕು ಜನ ತಿಣುಕಿ ಎತ್ತಿದರು. ಕಸ್ತೂರಕ್ಕ ಪುಸ್ತಕದ ಫೋಟೋ ನೋಡಿದಳು. ಅದರಲ್ಲಿ ಇಂಥದ್ದೇ ಚೌಕಟ್ಟನ್ನು ಇಬ್ಬರೇ ಹಿಡಿದಿದ್ದರು. ನನ್ನನ್ನು ಕರೆದಳು.

“ಸರ, ಫೋಟೋದಾಗ ಎತ್ತಿದಾಂವ ನಗಾಕತ್ತಾನ. ನಮ್ಮವರ ಮಾರಿ ನೋಡ್ರಿ. ದಪ್ಪ ಎಷ್ಟಂತ ಬರದಾರ, ಇನ್ನೊಮ್ಮೆ ಓದ್ರಿ.”

ಒಪ್ಪಿಕೊಂಡೆ. ನಿಮ್ಮ ಸಲುವಾಗಿಯೇ ಹೀಗೆ ಮಾಡಿದೆ ಎಂದೂ ಸೇರಿಸಿದೆ.

“ಓದ್ರಿ ಅಂದಿದ್ದೆ ಸರ. ನನ್ನ ಸಲುವಾಗಿ ಅಂಜ್ರಿ ಅಂದಿದ್ದಿಲ್ಲ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕನ್ನಡಕ ಇಳಿಸಿ, ಅಷ್ಟು ದಿನದ ದುಡಿಮೆಯನ್ನು ಅಲ್ಲೇ ಕೊಯ್ಯತೊಡಗಿದಳು. ಮುಂದಿನ ವಾರ ಆ ತುಂಡುಗಳಿಂದ ಅಂಗಡಿಯ ಮುಂದೆ ಒಂದು ಬೆಂಚು ತಯಾರಾಯಿತು. ನನ್ನನ್ನೇ ಮೊದಲು ಕೂಡಿಸಿ ಚಹಾ ಕೊಟ್ಟಳು. ಆಮೇಲೆ ಯಾರು ಆ್ಯಂಗಲ್ಲಿನ ಉಪದೇಶ ತಂದರೂ, ಗಟ್ಟಿ ಬೇಕಾದವರು ಅಲ್ಲಿ ಕೂಡಬಹುದು ಎಂದು ಬೆಂಚು ತೋರಿಸುತ್ತಿದ್ದಳು.

ಎರಡನೆಯ ಚೌಕಟ್ಟನ್ನು ತೆಳು ಪೈಪಿನಿಂದಲೇ ಕಟ್ಟಿದಳು. ಮುಗಿದ ದಿನ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ನನಗೆ ಹಿಡಿಸಿದಳು. ಅದು ಎದ್ದೇ ಬಂತು! ನಾನು ನಕ್ಕೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತು ನನಗೆ ಕ್ಷಮೆ ಸಿಕ್ಕಿತೆಂದು ತಿಳಿದಿದ್ದೇನೆ.

ಗಾಲಿ ಕೂಡಿಸುವ ಮೊದಲೇ ಆಕೆಗೆ ಕಾಮಾಲೆ ಹಿಡಿಯಿತು. ಮುಧೋಳದ ದವಾಖಾನೆಗೆ ನೋಡಲು ಹೋದಾಗ ಕಣ್ಣೆಲ್ಲ ಹಳದಿ. ದಿಂಬಿನ ಕೆಳಗಿಂದ ಪುಸ್ತಕ ತೆಗೆದು, ಸ್ಟೇರಿಂಗಿನ ಪಾಠ ಓದಲು ಹೇಳಿದಳು. “ಇದ್ದದ್ದ ಇದ್ದಂಗ ಓದ್ರಿ, ಸರ.” ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದೆ. ಮುಗಿಯುವುದರೊಳಗೆ ನಿದ್ದೆ ಹೋಗಿದ್ದಳು. ಮತ್ತೆ ನಾನು ಆಕೆಯನ್ನು ಜೀವಂತ ನೋಡಲಿಲ್ಲ.

ಮೊನ್ನೆ ಅದೇ ಗೌಡರು ಬಂದು ಬೆಂಚಿನ ಮೇಲೆ ಕೂತರು. ಚೌಕಟ್ಟನ್ನು ತಮಗೆ ಕೊಟ್ಟರೆ ನಾಲ್ಕು ಆ್ಯಂಗಲ್ ಹಾಕಿಸಿ ಮೇವು ತರುವ ಗಾಡಿ ಮಾಡಿಕೊಳ್ಳುತ್ತೇನೆ ಎಂದರು. ಗುರಪ್ಪ ತಲೆ ತಗ್ಗಿಸಿದ. ನನಗೆ ಮೈಯೆಲ್ಲ ಉರಿಯಿತು. ಇದರ ಮೇಲೆ ಮೇವಿನ ಒಂದು ಎಸಳೂ ಬೀಳುವುದಿಲ್ಲ, ಸ್ಟೇರಿಂಗಿನ ಪಾಠ ಆಗಿದೆ, ಮುಂದಿನದು ಎಂಜಿನ್ನಿನದು ಎಂದೆ. ವೆಲ್ಡಿಂಗಿನ ಗಂಧವೂ ಇಲ್ಲದವನ ಬಾಯಲ್ಲಿ ಅದು ಬರಬಾರದಿತ್ತು, ಬಂತು.

ಗೌಡರು ಬೆಂಚಿನ ಮೇಲೆ ಕೂತಿರುವಾಗಲೇ ಗುರಪ್ಪ ಎದ್ದು ಒಂದು ತುದಿ ಹಿಡಿದ. ನಾನು ಇನ್ನೊಂದನ್ನು ಹಿಡಿದೆ. ರಸ್ತೆ ದಾಟಿಸಿ ನಮ್ಮ ಮನೆಯ ಪಡಸಾಲೆಗೆ ತಂದೆವು. ಎತ್ತುವಾಗ ನಗಬೇಕು ಎಂದು ಗುರಪ್ಪನಿಗೆ ಹೇಳಿದೆ. ಅವನು ಅಳುತ್ತಲೇ ನಕ್ಕ. ಚೌಕಟ್ಟು ಹಗುರವಾಗಿಯೇ ಇತ್ತು.